ಇಳಿಯಲೇಬೇಕೆಂಬ ಹಟ

ಗೋ ಅರೌಂಡ್ ಮಾಡಿ ಬಂದ ಹುಡುಗರು ಎಂಜಿನ್ ಆರಿಸಿ ಹೆಡ್‌ಸೆಟ್ ಕಳಚುತ್ತಲೇ ಆಡುವ ಮೊದಲ ಮಾತು, ‘ಸಾರಿ ಮೇಡಂ.’ ಯಾಕಪ್ಪಾ ಸಾರಿ ಅಂದರೆ ತಲೆ ತಗ್ಗಿಸುತ್ತಾರೆ. 14 ವರ್ಷದಿಂದ ಬಲಗಡೆಯ ಸೀಟಿನಲ್ಲಿ ಕೂತು ಸಣ್ಣ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದೇನೆ. ಟೇಕಾಫ್ ಬೇಗ ಕೈಗೆ ಹತ್ತುತ್ತದೆ. ರೇಡಿಯೊದಲ್ಲಿ ಮಾತಾಡುವ ಅಂಜಿಕೆ ತಿಂಗಳೊಳಗೆ ಬಿಟ್ಟುಹೋಗುತ್ತದೆ. ಈ ‘ಸಾರಿ’ ಮಾತ್ರ ಬಿಡುವುದಿಲ್ಲ.

ಇಳಿಯಲು ಬರುತ್ತಿದ್ದೀರಿ, ಏನೋ ಸರಿಹೋಗುತ್ತಿಲ್ಲ. ಎತ್ತರ ಹೆಚ್ಚಾಗಿದೆ, ಅಥವಾ ವೇಗ ಹೆಚ್ಚಾಗಿದೆ, ಅಥವಾ ಅಡ್ಡಗಾಳಿ ವಿಮಾನವನ್ನು ಸೆಂಟರ್ ಲೈನಿನಿಂದ ಪಕ್ಕಕ್ಕೆ ತಳ್ಳುತ್ತಿದೆ, ಇಲ್ಲವೇ ರನ್‌ವೇ ನಡುವೆ ನಾಯಿಯೊಂದು ಬಂದು ನಿಂತಿದೆ. ಇಳಿಸುವುದನ್ನು ಕೈಬಿಟ್ಟು, ಪೂರ್ತಿ ಪವರ್ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಹಾಕಿ ಬರುವುದೇ ಗೋ ಅರೌಂಡ್. ನಾಯಿ ಅಡ್ಡ ಬಂದದ್ದಕ್ಕೆ ಮಾಡಿದ ಗೋ ಅರೌಂಡಿಗೆ ಯಾರೂ ಸಾರಿ ಹೇಳಿದ್ದನ್ನು ನಾನು ಕಂಡಿಲ್ಲ. ತಾವೇ ವೇಗ ಜಾಸ್ತಿ ಇಟ್ಟುಕೊಂಡು ಬಂದು ಮಾಡಬೇಕಾದಾಗ ಮಾತ್ರ ಮುಖ ಬಾಡುತ್ತದೆ. ಎರಡೂ ಒಂದೇ ಕೆಲಸ, ಎರಡಕ್ಕೂ ಅದೇ ಕೈಚಳಕ ಬೇಕು.

ಇದರ ಬೇರು ಎಲ್ಲಿದೆ ಎಂಬುದು ನನಗೆ ಗೊತ್ತು. ಇವರು ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾಥ್ಸು ಓದಿ ಒಳ್ಳೆಯ ಅಂಕ ತೆಗೆದು ಬಂದ ಮಕ್ಕಳು. ಉತ್ತರಪತ್ರಿಕೆಯಲ್ಲಿ ಹೊಡೆದುಹಾಕಿದ ಸಾಲಿಗೆ ಅಂಕ ಸಿಗುವುದಿಲ್ಲ ಎಂದು 12 ವರ್ಷ ಕಲಿತಿದ್ದಾರೆ. ಗೋ ಅರೌಂಡ್ ಅವರ ಕಣ್ಣಿಗೆ ಹೊಡೆದುಹಾಕಿದ ಸಾಲು. ಅದರ ಹಿಂದೆ ದುಡ್ಡಿನ ಭಾರವೂ ಇದೆ. ಹಾರಾಟದ ಒಂದು ಗಂಟೆಗೆ 10 ಸಾವಿರ ರೂಪಾಯಿ ದಾಟುತ್ತದೆ. ಒಂದು ಸರ್ಕ್ಯೂಟಿಗೆ, ಅಂದರೆ ಏರಿ ಸುತ್ತಿ ಇಳಿಯಲು ಬರುವ ಒಂದು ಸುತ್ತಿಗೆ, 6 ನಿಮಿಷ ಹಿಡಿದರೂ ಸಾವಿರ ರೂಪಾಯಿ ಹೋಯಿತು. ಮನೆಯಲ್ಲಿ ತೋಟ ಅಡವಿಟ್ಟು ಕಳಿಸಿರುತ್ತಾರೆ. ‘ಒಂದು ಸುತ್ತು ವೇಸ್ಟ್ ಮಾಡಿದೆ’ ಎಂದು ಮಗುವಿಗೆ ಅನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಲೆಕ್ಕವೇ ತಪ್ಪು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಬೇಕು, ಅದರಲ್ಲಿ 100 ಗಂಟೆ ನೀವೇ ಕ್ಯಾಪ್ಟನ್ ಆಗಿ ಹಾರಿಸಿರಬೇಕು. ಗೋ ಅರೌಂಡಿನ ಆ 6 ನಿಮಿಷವೂ ಲಾಗ್‌ಬುಕ್ಕಿಗೆ ಸೇರಿಯೇ ಸೇರುತ್ತದೆ. ಅದೇ ಹಟ ಮಾಡಿ ಇಳಿಸಿ ಪ್ರೊಪೆಲ್ಲರ್ ತುದಿ ನೆಲಕ್ಕೆ ತಾಗಿದರೆ ಎಂಜಿನ್ ಬಿಚ್ಚಿ ನೋಡದೆ ಆ ವಿಮಾನ ಮತ್ತೆ ಹಾರುವ ಹಾಗಿಲ್ಲ. ಅದರ ಖರ್ಚು ಲಕ್ಷಗಳಲ್ಲಿ. ವಾರಗಟ್ಟಲೆ ಹ್ಯಾಂಗರಿನಲ್ಲಿ ನಿಂತರೆ ಉಳಿದ ಮಕ್ಕಳ ಹಾರಾಟವೂ ನಿಲ್ಲುತ್ತದೆ.

ಹಾಸನದ ಕಡೆಯ ಒಬ್ಬ ಹುಡುಗನ ತಂದೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಎರಡು ಲಾರಿ ಇಟ್ಟುಕೊಂಡು ಮಂಗಳೂರಿಗೆ ಬಾಡಿಗೆ ಹೊಡೆಯುವವರು. ‘ಮೇಡಂ, ನಮ್ ಹುಡುಗನ ಜೊತೆಯವರೆಲ್ಲ ಸೋಲೋ ಆದ್ರಂತೆ. ಇವ್ನು ಇನ್ನೂ ಸುತ್ತು ಹೊಡೀತಾನೇ ಇದ್ದಾನಂತಲ್ಲ?’ ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಮೊದಲ ಸಲ ಒಬ್ಬರೇ ಹಾರುವುದು, ಎಷ್ಟು ಗಂಟೆ ಹಾರಿದ ಮೇಲೆ ಆಗಬೇಕು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಯಾವ ಇನ್‌ಸ್ಟ್ರಕ್ಟರ್ ಬಳಿಯೂ ಇರಬಾರದು. ಗೋ ಅರೌಂಡ್ ಏನೆಂದು ಅವರಿಗೆ ಹೇಳತೊಡಗಿದೆ. ಅರ್ಧಕ್ಕೇ ತಡೆದರು. ‘ಶಿರಾಡಿ ಘಾಟೀಲಿ ಓವರ್‌ಟೇಕ್ ಮಾಡೋಕೆ ಹೊರಟಿರ್ತೀವಿ, ತಿರುವಲ್ಲಿ ಎದುರುಗಡೆ ಟ್ಯಾಂಕರ್ ಕಾಣುತ್ತೆ. ಬಿಟ್ಟು ಹಿಂದಕ್ಕೆ ಬರ್ಬೇಕು. ಬರ್ದೇ ಇದ್ದೋರು ಎಷ್ಟು ಜನ ಹೋಗಿದ್ದಾರೆ ಗೊತ್ತಾ ಮೇಡಂ? ಅಷ್ಟೇ ತಾನೆ ಇದು?’ ಅಷ್ಟೇ. ಎಂಜಿನಿಯರಿಂಗ್ ಮುಗಿಸಿ ಬಂದವರಿಗೆ ನಾನು ಬೋರ್ಡಿನ ಮೇಲೆ ಒಂದು ಗಂಟೆ ಬರೆದರೂ ಇಷ್ಟು ಬೇಗ ಹತ್ತುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ನಾನು ಕೊಡುವ ಅಂಕಿಗಳು ತರಬೇತಿಯ ಸಣ್ಣ ವಿಮಾನ ಸೆಸ್ನಾ 172ಕ್ಕೆ ಸೇರಿದವು. ನಿಮ್ಮ ವಿಮಾನದ ಹ್ಯಾಂಡ್‌ಬುಕ್ ಬೇರೆ ಹೇಳಿದರೆ ಅದೇ ಅಂತಿಮ. ನಿಮ್ಮ ಇನ್‌ಸ್ಟ್ರಕ್ಟರ್ ಬೇರೆ ಹೇಳಿದರೆ ಅವರನ್ನೇ ಕೇಳಿ.

ರೆಕ್ಕೆಯ ಹಿಂಬದಿಯ ಫ್ಲಾಪ್ ಪಟ್ಟಿಗಳನ್ನು ಇಳಿಸಿ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದುಬರುವ ಕೊನೆಯ ಹಂತದಲ್ಲಿ, ವೇಗ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಸುತ್ತ ಇರಬೇಕು. ಹುಡುಗರು 75 ಇಟ್ಟುಕೊಂಡು ಬರುತ್ತಾರೆ. ‘10 ನಾಟ್ ತಾನೆ ಮೇಡಂ, ಜಾಸ್ತಿ ಇದ್ದರೆ ಸೇಫ್ ಅಲ್ವಾ?’ ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಪಿಯುಸಿಯಲ್ಲೇ ಬರೆದಿದ್ದೀರಿ. 65ರ ವರ್ಗ 4225, 75ರ ವರ್ಗ 5625. ಹತ್ತೇ ನಾಟ್ ಹೆಚ್ಚು ತಂದಿರಿ, ಕರಗಿಸಬೇಕಾದ ಶಕ್ತಿ ಮೂರನೇ ಒಂದು ಪಾಲು ಹೆಚ್ಚಾಯಿತು. ಅದನ್ನು ಎಲ್ಲಿ ಕರಗಿಸುತ್ತೀರಿ? ನೆಲ ಹತ್ತಿರವಾದಂತೆ ರೆಕ್ಕೆಯ ಕೆಳಗಿನ ಗಾಳಿಯೇ ಮೆತ್ತೆಯ ಹಾಗೆ ವಿಮಾನವನ್ನು ಎತ್ತಿ ಹಿಡಿಯುತ್ತದೆ. ನೆಲದಿಂದ ಮೊಳದೆತ್ತರದಲ್ಲಿ ಅದು ತೇಲುತ್ತ ಹೋಗುತ್ತದೆ, ಕೆಳಗೆ ರನ್‌ವೇ ಮುಗಿಯುತ್ತ ಬರುತ್ತದೆ.

ನಮ್ಮ ದಖ್ಖನ್ನಿನ ಎತ್ತರ ಇದಕ್ಕೆ ಸೇರಿಕೊಳ್ಳುತ್ತದೆ. ಬೆಂಗಳೂರಿನ ಜಕ್ಕೂರಿನ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆ ಎತ್ತರಕ್ಕೆ ಪುಸ್ತಕದ ಲೆಕ್ಕದಲ್ಲಿ ಇರಬೇಕಾದ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಇದೆ ಎಂದುಕೊಳ್ಳಿ. ಬಿಸಿಗೆ ಗಾಳಿ ತೆಳುವಾಗುವುದರಿಂದ, ಹೆಚ್ಚಾದ ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಎತ್ತರ ಕೂಡಿಸಿಕೊಂಡರೆ 26 ಡಿಗ್ರಿಗೆ 3120 ಅಡಿ. ಹತ್ತಿರ ಹತ್ತಿರ 6100 ಅಡಿ ಎತ್ತರದ ತೆಳುಗಾಳಿಯಲ್ಲಿ ಹಾರಿದ ಹಾಗೆಯೇ ವಿಮಾನಕ್ಕೆ ಆಗುತ್ತದೆ. ಮೀಟರ್ 65 ತೋರಿಸಿದರೂ ನಿಜವಾದ ವೇಗ 70 ದಾಟಿರುತ್ತದೆ. ಎಂಜಿನ್ನಿನ ಕಸುವೂ ಕುಗ್ಗಿರುತ್ತದೆ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 700 ಅಡಿ ಆಸುಪಾಸು ಏರುವ ವಿಮಾನ ಇಲ್ಲಿ ಆ ಮಧ್ಯಾಹ್ನ ಅಷ್ಟು ಏರುವುದಿಲ್ಲ. ಮಿಕ್ಸ್ಚರ್, ಅಂದರೆ ಎಂಜಿನ್ನಿಗೆ ಹೋಗುವ ಇಂಧನ ಮತ್ತು ಗಾಳಿಯ ಮಿಶ್ರಣ, ಸರಿಯಾಗಿ ಇಟ್ಟುಕೊಳ್ಳದಿದ್ದರೆ ಇನ್ನೂ ಕಡಿಮೆ. ಆದ್ದರಿಂದಲೇ ಇಲ್ಲಿ ನಿರ್ಧಾರ ಬೇಗ ಆಗಬೇಕು. ತಡವಾಗಿ ತೆಗೆದುಕೊಂಡ ಸರಿಯಾದ ನಿರ್ಧಾರ ಬಿಸಿಲಿನಲ್ಲಿ ಸಾಕಾಗುವುದಿಲ್ಲ.

ತೇಲುವಾಗ ಕೈ ಏನು ಮಾಡುತ್ತದೆ ಎಂಬುದನ್ನು ಪಕ್ಕದ ಸೀಟಿನಿಂದ ಸಾವಿರಾರು ಸಲ ನೋಡಿದ್ದೇನೆ. ಕಣ್ಣು ರನ್‌ವೇ ಕೊನೆಯನ್ನು ಬಿಟ್ಟು ಮೂಗಿನ ಕೆಳಗಿನ ಡಾಂಬರಿಗೆ ಇಳಿಯುತ್ತದೆ. ಹೆಬ್ಬೆರಳು ಬೆಳ್ಳಗಾಗುವಷ್ಟು ಯೋಕ್ (ವಿಮಾನದ ಸ್ಟಿಯರಿಂಗ್) ಬಿಗಿಹಿಡಿಯುತ್ತಾರೆ. ‘ಇಳಿ, ಇಳಿ’ ಎಂದು ಮನಸ್ಸು ಹೇಳುತ್ತದೆ, ಕೈ ಯೋಕನ್ನು ಮುಂದಕ್ಕೆ ಒತ್ತುತ್ತದೆ. ಹಿಂದಿನ ಎರಡು ಚಕ್ರ ಮೊದಲು ತಾಗಬೇಕಾದ ಕಡೆ ಮುಂದಿನ ಚಕ್ರ ಮೊದಲು ತಾಗುತ್ತದೆ. ವಿಮಾನ ಪುಟಿಯುತ್ತದೆ. ಗಾಬರಿಯಿಂದ ಮತ್ತೆ ಒತ್ತಿದರೆ ಎರಡನೆಯ ಪುಟಿತ ಮೊದಲಿಗಿಂತ ಜೋರು, ಮೂರನೆಯದು ಇನ್ನೂ ಜೋರು. ಮುಂದಿನ ಚಕ್ರದ ಕಾಲು ಮುರಿಯುವುದು, ಪ್ರೊಪೆಲ್ಲರ್ ತಾಗುವುದು ಹೆಚ್ಚಾಗಿ ಹೀಗೆಯೇ. ಮೊದಲ ಪುಟಿತಕ್ಕೇ ಪವರ್ ಕೊಡುವ ಥ್ರಾಟಲ್ ಪೂರ್ತಿ ಮುಂದೆ ಹೋಗಿದ್ದರೆ ಅಲ್ಲಿ ಏನೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಗೋ ಅರೌಂಡಿಗೂ ಅಭ್ಯಾಸ ಬೇಕು. ಪುಸ್ತಕದಲ್ಲಿ ಓದಿಕೊಂಡು ಅದೇ ಮೊದಲ ಸಲ ಒಬ್ಬರೇ ಇದ್ದಾಗ ಮಾಡುವುದಲ್ಲ. ಇಳಿಯಲು ಬರುವಾಗ, ಯೋಕ್ ಹಿಡಿದ ಕೈಯ ಭಾರ ಇಳಿಸುವ ಟ್ರಿಮ್ ಚಕ್ರವನ್ನು ಮೂಗು ಮೇಲಿರುವ ಹಾಗೆ ಹೊಂದಿಸಿರುತ್ತೀರಿ. ಅದೇ ಸ್ಥಿತಿಯಲ್ಲಿ ಪೂರ್ತಿ ಪವರ್ ಕೊಟ್ಟರೆ ಮೂಗು ತಾನಾಗಿಯೇ ಮೇಲಕ್ಕೆ ಹಾಯುತ್ತದೆ, ಜೊತೆಗೆ ಎಡಕ್ಕೆ ಎಳೆಯುತ್ತದೆ. ಗಟ್ಟಿಯಾಗಿ ಮುಂದಕ್ಕೆ ಒತ್ತಿ ಹಿಡಿಯಬೇಕು, ಬಲಗಾಲಿನಿಂದ ಮೂಗನ್ನು ಬಲಕ್ಕೆ ತಿರುಗಿಸುವ ರಡರ್ ಪೆಡಲ್ ತುಳಿಯಬೇಕು. ಬಿಟ್ಟರೆ ನೆಲದ ಹತ್ತಿರವೇ ಸ್ಟಾಲ್, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಂಡು ವಿಮಾನ ಬೀಳುತ್ತದೆ. ಆಮೇಲೆ ಫ್ಲಾಪ್ 20 ಡಿಗ್ರಿಗೆ. ಒಂದೇ ಸಲ ಪೂರ್ತಿ ಎತ್ತಿಬಿಟ್ಟರೆ ವಿಮಾನ ಕುಸಿಯುತ್ತದೆ. ವೇಗ ಬಂದಮೇಲೆ, ಮೇಲೇರುತ್ತಿದ್ದೇವೆ ಎಂದು ಖಾತ್ರಿಯಾದಮೇಲೆ ಉಳಿದದ್ದು. ರೇಡಿಯೊ ಎಲ್ಲಕ್ಕಿಂತ ಕೊನೆಗೆ. ಟವರ್ ಕಾಯುತ್ತದೆ. ಮೂಗು ಮೇಲೆ ಹೋಗುತ್ತಿರುವಾಗ ಮೈಕ್ ಗುಂಡಿ ಒತ್ತಿ ‘ಗೋಯಿಂಗ್ ಅರೌಂಡ್’ ಎಂದು ಮೊದಲು ಹೇಳಹೊರಡುವ ಮಕ್ಕಳಿದ್ದಾರೆ. ಅವರ ಕೈ ಹಿಡಿದು ನಿಲ್ಲಿಸಿದ್ದೇನೆ.

ನನ್ನ ವಿದ್ಯಾರ್ಥಿಗಳಿಗೆ ಎರಡು ಗೆರೆ ಹಾಕಿಕೊಟ್ಟಿದ್ದೇನೆ. ಫೈನಲ್‌ನಲ್ಲಿ ನೆಲದಿಂದ 300 ಅಡಿಗೆ ಬರುವಷ್ಟರಲ್ಲಿ ವೇಗ, ಇಳಿಯುವ ದರ, ಸೆಂಟರ್ ಲೈನ್ ಮೂರೂ ಸರಿ ಇರಬೇಕು. ಒಂದು ತಪ್ಪಿದ್ದರೂ ಮೇಲೆ. ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ತಾಗಿರಬೇಕು. ತಾಗದಿದ್ದರೆ ಮೇಲೆ. ಏರ್‌ಲೈನಿನವರು ಈ ಗೆರೆಯನ್ನು ಮೋಡದಲ್ಲಿ 1000 ಅಡಿಗೆ, ತಿಳಿಯಾದ ಹವೆಯಲ್ಲಿ 500 ಅಡಿಗೆ ಎಳೆದುಕೊಳ್ಳುತ್ತಾರೆ. ನಿಮ್ಮ ಸಂಸ್ಥೆಯ ಗೆರೆ ಬೇರೆ ಇರಬಹುದು, ಇರಲಿ. ಗೆರೆ ಎಲ್ಲಿದೆ ಎನ್ನುವುದಕ್ಕಿಂತ ಅದನ್ನು ವಿಮಾನ ಹತ್ತುವ ಮೊದಲೇ ಎಳೆದಿರುವುದು ಮುಖ್ಯ. ಇಳಿಯುತ್ತ ಇಳಿಯುತ್ತ ಎಳೆಯಹೋದರೆ ಮನಸ್ಸು ಅದನ್ನು ಕೆಳಕ್ಕೆ ಸರಿಸುತ್ತಲೇ ಹೋಗುತ್ತದೆ.

ಹಟ ಹೊಸಬರದ್ದಷ್ಟೇ ಅಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಬೋಯಿಂಗ್ 737 ಮಂಗಳೂರಿನ ಟೇಬಲ್‌ಟಾಪ್ ರನ್‌ವೇಯಿಂದ ಆಚೆ ಹೋಗಿ ಕಣಿವೆಗೆ ಬಿತ್ತು. 166 ಜನರಲ್ಲಿ 8 ಮಂದಿ ಉಳಿದರು. ಸುಮಾರು 8000 ಅಡಿಯ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದು 5200 ಅಡಿ ದಾಟಿದ ಮೇಲೆ. ಪಕ್ಕದ ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಎಂದರು, ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಆ ಅಪ್ರೋಚ್ ಅನ್ನು ಕೈಬಿಡಲಿಲ್ಲ ಎಂಬುದನ್ನೇ ವಿಚಾರಣಾ ನ್ಯಾಯಾಲಯ ನೇರ ಕಾರಣವೆಂದು ಗುರುತಿಸಿತು. ನೆಲಕ್ಕಿಳಿದು, ರಿವರ್ಸ್ ಥ್ರಸ್ಟ್ ಹಾಕಿದ ಮೇಲೆ ಮತ್ತೆ ಮೇಲೇರಲು ಯತ್ನ ನಡೆಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಆ ಕ್ಯಾಪ್ಟನ್ನಿಗೆ 10 ಸಾವಿರ ಗಂಟೆಗೂ ಮಿಕ್ಕಿದ ಅನುಭವವಿತ್ತು. ಈ ವರದಿಯನ್ನು ಹೊಸ ಬ್ಯಾಚಿಗೆ ಓದಿ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಕರಾವಳಿಯ ಎಷ್ಟು ಮನೆಗಳವರು ಆ ಬೆಳಗ್ಗೆ ಏರ್‌ಪೋರ್ಟಿನಲ್ಲಿ ಕಾಯುತ್ತಿದ್ದರು.

ಕಲಿಸುವವರ ಪಾಲೂ ಇದರಲ್ಲಿ ಇದೆ ಎಂದು ಒಪ್ಪಿಕೊಳ್ಳಬೇಕು. ನಾನು ಹಿಂದೆ ಇದ್ದ ಒಂದು ಕಡೆ ಗೋ ಅರೌಂಡ್ ಮಾಡಿದವರ ಪ್ರೋಗ್ರೆಸ್ ಶೀಟಿನಲ್ಲಿ ‘ಜಡ್ಜ್‌ಮೆಂಟ್ ಸಾಲದು’ ಎಂದು ಬರೆಯುತ್ತಿದ್ದರು. ನಾನೂ ಕೆಲವು ತಿಂಗಳು ಹಾಗೆಯೇ ಬರೆದೆ. ಆಗ ಕಲಿತುಹೋದ ಮಕ್ಕಳಿಗೆ ನಾನು ಏನು ಕಲಿಸಿ ಕಳಿಸಿದೆ ಎಂದು ನೆನೆದರೆ ಸಂಕಟವಾಗುತ್ತದೆ. ಈಗ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಗೋ ಅರೌಂಡಿಗೆ ಒಂದು ಕಾಲಂ ಇದೆ. ಯಾರೂ ಹೇಳದೆ ತಾವಾಗಿಯೇ ನಿರ್ಧರಿಸಿ ಮೂರು ಸಲವಾದರೂ ಮಾಡಿರಬೇಕು. ಆ ಕಾಲಂ ಖಾಲಿ ಇದ್ದವರನ್ನು, ಇಳಿಸುವುದು ಎಷ್ಟೇ ನಯವಾಗಿರಲಿ, ನಾನು ಸೋಲೋ ಬಿಡುವುದಿಲ್ಲ. ಎಲ್ಲ ಇನ್‌ಸ್ಟ್ರಕ್ಟರುಗಳು ಇದನ್ನು ಒಪ್ಪಲಿಕ್ಕಿಲ್ಲ.

ಸೋಲೋ ದಿನವೇ ಇದು ಬೇಕಾಗುತ್ತದೆ ಎಂಬುದನ್ನು ಮಕ್ಕಳು ಊಹಿಸಿರುವುದಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವರು ಇಳಿದುಬಿಟ್ಟರೆ 60, 70 ಕೆಜಿ ಭಾರ ಕಡಿಮೆ. ಅದೇ ಪವರಿಗೆ ವಿಮಾನ ಬೇಗ ಮೇಲೇರುತ್ತದೆ, ಇಳಿಯುವಾಗ ಅದೇ ವೇಗಕ್ಕೆ ಹೆಚ್ಚು ತೇಲುತ್ತದೆ. ಇಷ್ಟು ದಿನ ಕೈಗೆ ಕೂತಿದ್ದ ವಿಮಾನ ಅಂದು ಬೇರೆಯದೇ ಅನ್ನಿಸುತ್ತದೆ.

ಹಾಸನದ ಹುಡುಗನನ್ನು ಒಂದು ಬೆಳಗ್ಗೆ ಏಳು ಗಂಟೆಗೆ ಬಿಟ್ಟೆ. ಎಂಜಿನ್ ಓಡುತ್ತಿದ್ದಂತೆಯೇ ಬೆಲ್ಟ್ ಬಿಚ್ಚಿ, ಖಾಲಿ ಸೀಟಿನ ಮೇಲೆ ಅದನ್ನು ಮತ್ತೆ ಕಟ್ಟಿ, ‘ಒಂದು ಸುತ್ತು, ಫುಲ್ ಸ್ಟಾಪ್. ಗೆರೆ ನೆನಪಿರಲಿ ಕಣೋ’ ಎಂದು ಇಳಿದೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಕೈಯಲ್ಲಿ ರೇಡಿಯೊ ಹಿಡಿದು ನಿಂತೆ. ಟೇಕಾಫ್ ಚೆನ್ನಾಗಿತ್ತು. ಡೌನ್‌ವಿಂಡ್, ಬೇಸ್, ಫೈನಲ್, ಸುತ್ತಿನ ಮೂರೂ ಹಂತ ಸರಿ. ರನ್‌ವೇ ಮೇಲೆ ಬಂದ, ತೇಲಿದ. ಇಳಿಯಲಿಲ್ಲ. ಮತ್ತೂ ತೇಲಿದ. ರೇಡಿಯೊ ಗುಂಡಿಯ ಮೇಲೆ ನನ್ನ ಹೆಬ್ಬೆರಳಿತ್ತು, ಒತ್ತಲಿಲ್ಲ. ಮೊದಲ ಮೂರನೇ ಭಾಗದ ಗುರುತಿಗೆ ಬರುವಷ್ಟರಲ್ಲಿ ಎಂಜಿನ್ ಸದ್ದು ಏರಿತು. ಮೂಗು ಮೇಲಕ್ಕೆ ಹಾಯಲು ಹೊರಟದ್ದು ಕಂಡಿತು, ಅಲ್ಲಿಯೇ ಒತ್ತಿ ಹಿಡಿದ. ಫ್ಲಾಪ್ ಒಂದು ಹಂತ ಎದ್ದಿತು. ಸ್ವಲ್ಪ ಎತ್ತರಕ್ಕೆ ಹೋದಮೇಲೆ ರೇಡಿಯೊದಲ್ಲಿ ಅವನ ದನಿ ಬಂತು. ಎರಡನೆಯ ಸಲ 65ಕ್ಕೇ ಬಂದು ಗುರುತಿನ ಹತ್ತಿರ, ಸೆಂಟರ್ ಲೈನಿಗಿಂತ ಗೇಣು ಎಡಕ್ಕೆ, ಇಳಿಸಿದ.

ಪಾರ್ಕಿಂಗಿಗೆ ಬಂದು ಎಂಜಿನ್ ಆರಿಸಿದವನು ಎಡಗೈ ಚಾಚಿ ತೋರಿಸಿದ. ಇನ್ನೂ ನಡುಗುತ್ತಿತ್ತು. ‘ಮೇಡಂ, ನೀವು ಹೇಳಿದ್ದಕ್ಕಿಂತ ಜೋರಾಗಿ ತಳ್ಳುತ್ತೆ ಅದು ಮೂಗು. ಟ್ರಿಮ್ ಎಷ್ಟು ಸುತ್ತು ಇಳಿಸ್ಬೇಕಿತ್ತು?’ ಅಷ್ಟರಲ್ಲಿ ಹುಡುಗರು ಬಕೆಟ್ ತಂದು, ಸೋಲೋ ಆದವರಿಗೆ ಸುರಿಯುವ ಹಾಗೆ ತಲೆ ಮೇಲೆ ನೀರು ಸುರಿದರು. ಒದ್ದೆ ಅಂಗಿಯಲ್ಲೇ ಅವನು ಮನೆಗೆ ಫೋನ್ ಹಚ್ಚಿದ. ‘ಅಪ್ಪಾಜಿ, ಆಯ್ತು. ಎರಡು ಸುತ್ತು ಹೊಡೆದೆ.’