ಹಿನ್ನೆಲೆ ಬ್ಲರ್ ಆಗಬೇಕಾ? ಮೊದಲು ಕಿಂಡಿ ಅಳೆಯಿರಿ

ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಕ್ಯಾಮೆರಾ ಇದ್ದರೆ, ಅದರ ಲೆನ್ಸಿನ ಸುತ್ತ ಬರೆದಿರುವ ಪುಟ್ಟ ಅಂಕಿಗಳನ್ನು ಒಮ್ಮೆ ಓದಿ. 30 ಪಟ್ಟು ಜೂಮ್ ಇರುವ ಕ್ಯಾಮೆರಾ ಆದರೆ ಹೆಚ್ಚು ಕಡಿಮೆ ಹೀಗಿರುತ್ತದೆ: 4.1-123 ಮಿ.ಮೀ., 1:3.5-6.4. ಮೊದಲ ಜೋಡಿ ಫೋಕಲ್ ಲೆಂತ್, ಅಂದರೆ ಜೂಮ್ ಮಾಡಿದಷ್ಟೂ ಏರುವ ಲೆನ್ಸಿನ ಅಳತೆ. ಎರಡನೇ ಜೋಡಿ ಎಫ್-ನಂಬರ್. ಜೂಮ್ ಮಾಡದಿದ್ದಾಗ ಎಡಗಡೆಯ ಅಂಕಿಗಳು, ಪೂರ್ತಿ ಜೂಮ್ ಮಾಡಿದಾಗ ಬಲಗಡೆಯವು. ಈಗ ಫೋಕಲ್ ಲೆಂತನ್ನು ಎಫ್-ನಂಬರಿನಿಂದ ಭಾಗಿಸಿ. 4.1ನ್ನು 3.5ರಿಂದ ಭಾಗಿಸಿದರೆ ಸುಮಾರು 1.2. 123ನ್ನು 6.4ರಿಂದ ಭಾಗಿಸಿದರೆ ಸುಮಾರು 19. ಬಂದ ಉತ್ತರವೇ, ಮಿಲಿಮೀಟರ್ ಲೆಕ್ಕದಲ್ಲಿ, ಬೆಳಕು ಒಳಗೆ ನುಗ್ಗುವ ಕಿಂಡಿಯ ಅಗಲ. ಕ್ಯಾಮೆರಾವನ್ನು ಎದುರಿನಿಂದ ನೋಡಿದರೆ ಕಾಣುವ ಕಿಂಡಿ.

ಒಂದೇ ಕ್ಯಾಮೆರಾ, ಆದರೆ ಒಂದು ತುದಿಯಲ್ಲಿ ಕಿಂಡಿ ಗುಂಡುಸೂಜಿಯ ತಲೆಯಷ್ಟು, ಇನ್ನೊಂದು ತುದಿಯಲ್ಲಿ ಅದರ 16 ಪಟ್ಟು ಅಗಲ. ಹಿನ್ನೆಲೆ ಮಸುಕಾಗುತ್ತದೋ ಇಲ್ಲವೋ ಅನ್ನುವುದು ತೀರ್ಮಾನ ಆಗುವುದು ಇಲ್ಲೇ.

"ಎಫ್-ನಂಬರ್ ಕಡಿಮೆ ಇಡಿ, ಬ್ಲರ್ ತಾನಾಗಿಯೇ ಬರುತ್ತೆ" ಎಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಮಾತು ಸುಳ್ಳಲ್ಲ, ಅರ್ಧ ನಿಜ. ಫೋಕಲ್ ಲೆಂತ್ ಬದಲಾಗದಿದ್ದರೆ ಮಾತ್ರ ಅದು ಸರಿ. ಕಾಂಪ್ಯಾಕ್ಟ್ ಇಟ್ಟುಕೊಂಡವರು ಇದನ್ನು ನಂಬಿ ಏನು ಮಾಡುತ್ತಾರೆ ನೋಡಿ. ಜೂಮ್ ಮಾಡಿದರೆ ನಂಬರ್ 6.4ಕ್ಕೆ ಏರುತ್ತದೆ, ಅಯ್ಯೋ ಬೇಡ ಎಂದು ಜೂಮನ್ನು ಪೂರ್ತಿ ಹಿಂದಕ್ಕೆ ತಂದು 3.5ರಲ್ಲಿ ನಿಲ್ಲಿಸುತ್ತಾರೆ. ಅಂದರೆ ಕೈಯಾರೆ ಹೋಗಿ ಅತಿ ಚಿಕ್ಕ ಕಿಂಡಿಯನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ "ಈ ಕ್ಯಾಮೆರಾದಲ್ಲಿ ಬ್ಲರ್ ಬರಲ್ಲ" ಎಂಬ ತೀರ್ಪು. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಕಿಂಡಿಯ ಅಗಲಕ್ಕೂ ಮಸುಕಿಗೂ ಏನು ನಂಟು? ಕೈ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳಿನ ಹಿಂದೆ ಇರುವ ಕಿಟಕಿಯೋ ಮರವೋ ಪಕ್ಕಕ್ಕೆ ಜಿಗಿದ ಹಾಗೆ ಕಾಣುತ್ತದೆ, ಅಲ್ವಾ? ಎರಡು ಕಣ್ಣಿನ ನಡುವೆ ಆರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಂತರ ಇದೆ. ಬೇರೆ ಬೇರೆ ಜಾಗದಿಂದ ನೋಡಿದ್ದಕ್ಕೆ ಬೆರಳಿನ ಹಿಂದೆ ಬೇರೆ ಬೇರೆ ಹಿನ್ನೆಲೆ ಬಂತು.

ಲೆನ್ಸಿನ ಕಥೆಯೂ ಇದೇ. ಕಿಂಡಿಯ ಎಡ ಅಂಚಿನಿಂದ ನುಗ್ಗುವ ಬೆಳಕು ಎಡ ಅಂಚಿನಿಂದ ಕಂಡ ನೋಟವನ್ನು ತರುತ್ತದೆ. ಬಲ ಅಂಚಿನದು ಬಲ ಅಂಚಿನ ನೋಟ. ನಡುವೆ ಇರುವ ಒಂದೊಂದು ಬಿಂದುವಿಗೂ ಒಂದೊಂದು ನೋಟ. ಲೆನ್ಸ್ ಇವೆಲ್ಲವನ್ನೂ ಒಂದರ ಮೇಲೊಂದು ಹಾಕಿ ಒಂದೇ ಚಿತ್ರ ಮಾಡುತ್ತದೆ. ಫೋಕಸ್ ಮಾಡುವುದು ಅಂದರೆ ಇಷ್ಟೇ: ನಮಗೆ ಬೇಕಾದ ವಸ್ತು ಎಲ್ಲ ನೋಟಗಳಲ್ಲೂ ಒಂದೇ ಜಾಗದಲ್ಲಿ ಕೂರುವ ಹಾಗೆ ಹೊಂದಿಸುವುದು. ಬೆರಳು ಕೂತಿತು. ಹಿಂದಿನ ಮರ ಮಾತ್ರ ಒಂದು ನೋಟದಲ್ಲಿ ಸ್ವಲ್ಪ ಆಚೆ, ಇನ್ನೊಂದರಲ್ಲಿ ಸ್ವಲ್ಪ ಈಚೆ. ಹೀಗೆ ಸರಿದ ಲೆಕ್ಕವಿಲ್ಲದಷ್ಟು ಮರಗಳು ಒಂದರ ಮೇಲೊಂದು ಬಿದ್ದು ಕಲಸಿಹೋದರೆ ಅದೇ ಬ್ಲರ್.

ಈಗ ಒಂದು ಕಣ್ಣು ಮುಚ್ಚಿಕೊಂಡು ತಲೆಯನ್ನು ಒಂದೇ ಒಂದು ಮಿಲಿಮೀಟರ್ ಸರಿಸಿ ನೋಡಿ. ಬೆರಳಿನ ಹಿಂದೆ ಏನಾದರೂ ಅಲುಗಿತಾ? ಗೊತ್ತೇ ಆಗುವುದಿಲ್ಲ. ಜೂಮ್ ಮಾಡದ ಕಾಂಪ್ಯಾಕ್ಟ್ ಕ್ಯಾಮೆರಾ ಲೋಕವನ್ನು ನೋಡುತ್ತಿರುವುದು ಅಷ್ಟೇ ಅಗಲದಿಂದ. ಅದರ ಎಡ ಅಂಚೂ ಬಲ ಅಂಚೂ ಹೆಚ್ಚು ಕಡಿಮೆ ಒಂದೇ ನೋಟ ಕಾಣುತ್ತವೆ. ಕಲಸಿಹೋಗಲು ಅಲ್ಲಿ ಏನೂ ಇಲ್ಲ.

ರಾತ್ರಿಯ ಫೋಟೊಗಳಲ್ಲಿ ದೂರದ ದೀಪಗಳು ದುಂಡು ಬಿಲ್ಲೆಗಳಾಗುವುದನ್ನು ನೋಡಿರುತ್ತೀರಿ. ಆ ಒಂದೊಂದು ಬಿಲ್ಲೆಯೂ ಕಿಂಡಿಯದೇ ಚಿತ್ರ. ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಆರು ಎಲೆಗಳ ಡಯಾಫ್ರಂ ಸ್ವಲ್ಪ ಮುಚ್ಚಿಕೊಂಡರೆ ದೀಪಗಳೂ ಆರು ಮೂಲೆಯವಾಗುತ್ತವೆ. ಇದರಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕ ಒಂದಿದೆ. ದೀಪ ತುಂಬ ತುಂಬ ದೂರ ಇದ್ದರೆ, ಫೋಕಸ್ ಆದ ಮುಖದ ಪಕ್ಕ ಅಳತೆಪಟ್ಟಿ ಇಟ್ಟು ಅಳೆದಾಗ ಬಿಲ್ಲೆಯ ಅಗಲ ಕಿಂಡಿಯ ಅಗಲಕ್ಕೆ ಸರಿಯಾಗಿ ಸಮ. ಕಣ್ಣಿನ ಬಣ್ಣದ ವರ್ತುಲ ಸುಮಾರು 12 ಮಿ.ಮೀ. ಇರುತ್ತದೆ. 19 ಮಿ.ಮೀ. ಕಿಂಡಿಯಲ್ಲಿ ತೆಗೆದರೆ ಹಿಂದಿನ ದೀಪ ಆ ವರ್ತುಲಕ್ಕಿಂತ ದೊಡ್ಡದಾಗಿ ಅರಳುತ್ತದೆ. 1.2 ಮಿ.ಮೀ.ನಲ್ಲಿ ತೆಗೆದರೆ ಅದರ ಹತ್ತನೇ ಒಂದು ಭಾಗ, ಬರೀ ಚುಕ್ಕೆ.

ಈ ಲೆಕ್ಕದಲ್ಲಿ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಚಿಪ್, ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. "ದೊಡ್ಡ ಸೆನ್ಸರ್ ಇದ್ದರೆ ಬ್ಲರ್" ಎನ್ನುವುದೂ ಅರ್ಧ ನಿಜವೇ. ದೊಡ್ಡ ಸೆನ್ಸರಿನಲ್ಲಿ ಅಷ್ಟೇ ಅಗಲದ ನೋಟ ಹಿಡಿಯಲು ಉದ್ದ ಫೋಕಲ್ ಲೆಂತ್ ಬೇಕಾಗುತ್ತದೆ. ಉದ್ದ ಫೋಕಲ್ ಲೆಂತ್ ಇದ್ದಾಗ ದೊಡ್ಡ ಕಿಂಡಿ ಇಡುವುದು ಸುಲಭ. ಕಾಂಪ್ಯಾಕ್ಟಿನ ಸೆನ್ಸರ್ ಸಾಮಾನ್ಯವಾಗಿ 6.2 ಮಿ.ಮೀ. ಅಗಲ. ಫುಲ್ ಫ್ರೇಮ್ ಎನ್ನುವ ದೊಡ್ಡ ಕ್ಯಾಮೆರಾಗಳದು 36. 4.1 ಮಿ.ಮೀ. ಲೆನ್ಸಿಗೆ ದೊಡ್ಡ ಕಿಂಡಿ ಕೊಡಿ ಎಂದರೆ ಭೌತಶಾಸ್ತ್ರವೇ ಅಡ್ಡ ನಿಲ್ಲುತ್ತದೆ. ಗಾಳಿಯಲ್ಲಿ ಕೆಲಸ ಮಾಡುವ ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಎಫ್/0.5ಕ್ಕಿಂತ, ಅಂದರೆ ಎಫ್-ನಂಬರ್ 0.5ಕ್ಕಿಂತ, ಕೆಳಗೆ ಇಳಿಯುವ ಹಾಗಿಲ್ಲ. ಆ ಮಿತಿಯಲ್ಲೂ ಕಿಂಡಿ 8 ಮಿ.ಮೀ. ಚಿಲ್ಲರೆ.

ತಮಾಷೆ ಏನೆಂದರೆ, ನಾವೀಗ ಹುಡುಕಿಕೊಂಡು ಹೋಗುವ ಈ ಮಸುಕನ್ನು ತೊಲಗಿಸಲು ಜನ ಶತಮಾನಗಟ್ಟಲೆ ಒದ್ದಾಡಿದ್ದರು. ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಕತ್ತಲೆ ಕೋಣೆಗೆ ಲೆನ್ಸ್ ಕೂರಿಸಿ, ಅದರ ಅಂಚು ಮುಚ್ಚಿದರೆ ಚಿತ್ರ ಚುರುಕಾಗುತ್ತದೆ ಎಂದು ವೆನಿಸ್‌ನ ಡೇನಿಯಲೆ ಬಾರ್ಬರೊ 1568ರಲ್ಲೇ ಬರೆದಿದ್ದ. ಫೋಟೊಗ್ರಫಿ ಬಂದ ಮೇಲೆ ತೊಂದರೆ ತಿರುಗುಮುರುಗಾಯಿತು. 1839ರ ಡಗೆರೊಟೈಪ್ ತಟ್ಟೆಗಳಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ಕೂರುವವರು ಯಾರು? ಮರುವರ್ಷವೇ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಕ್ಕೆಂದೇ ಒಂದು ಲೆನ್ಸ್ ಲೆಕ್ಕ ಹಾಕಿದ. ಗುಣಾಕಾರ ಭಾಗಾಕಾರಕ್ಕೆ ಫಿರಂಗಿ ದಳದ ಸಿಪಾಯಿಗಳನ್ನು ಕೊಟ್ಟಿದ್ದರಂತೆ. ಸುಮಾರು 150 ಮಿ.ಮೀ. ಫೋಕಲ್ ಲೆಂತ್, ಎಫ್/3.6ರ ಆಸುಪಾಸು, ಅಂದರೆ 40 ಮಿ.ಮೀ. ಕಿಂಡಿ. ಅವನಿಗೆ ಬೇಕಾಗಿದ್ದದ್ದು ಬೆಳಕು. ಹಿನ್ನೆಲೆ ಮಸುಕಾಗಿದ್ದು ಕೊಸರು.

1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇದಕ್ಕೆ ಪೂರ್ತಿ ಉಲ್ಟಾ ದಿಕ್ಕಿನ ಫೋಟೊಗ್ರಾಫರುಗಳ ಒಂದು ಬಳಗ ಹುಟ್ಟಿತು. ಏನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮುಂತಾದವರು ಸೇರಿ ತಮ್ಮನ್ನು ಗ್ರೂಪ್ ಎಫ್/64 ಎಂದು ಕರೆದುಕೊಂಡರು. ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಚುರುಕಾಗಿರಬೇಕು ಎಂಬುದು ಅವರ ಹಟ. ಅವರ ಕಾಲದ 8×10 ಇಂಚಿನ ಫಿಲ್ಮಿನ ಕ್ಯಾಮೆರಾಗೆ 300 ಮಿ.ಮೀ. ಲೆನ್ಸ್ ಸಾಮಾನ್ಯ. ಅದನ್ನು ಎಫ್/64ಕ್ಕೆ ಮುಚ್ಚಿದರೆ ಕಿಂಡಿ 4.7 ಮಿ.ಮೀ. ನಿಮ್ಮ ಜೇಬಿನ ಕ್ಯಾಮೆರಾದಲ್ಲಿ ಅಷ್ಟೇ ಅಗಲದ ನೋಟಕ್ಕೆ ಹೊಂದಿಸಿ ಕಿಂಡಿಯನ್ನು ಪೂರ್ತಿ ತೆರೆದರೂ ಅದು 2 ಮಿ.ಮೀ. ಆಸುಪಾಸಿನಲ್ಲಿ ಇರುತ್ತದೆ. ಅವರು ಭಾರದ ಸ್ಟ್ಯಾಂಡ್ ಹೊತ್ತು ಸಾಧಿಸಿದ್ದು ನಿಮಗೆ ಪುಕ್ಕಟೆ. ನಿಮಗೆ ಬೇಕಿರುವುದು ಅದಲ್ಲ, ಅಷ್ಟೇ!

ಸರಿ, ಕೆಲಸಕ್ಕೆ ಬರೋಣ. ಕಿಂಡಿ ದೊಡ್ಡದಾಗಬೇಕು, ಹಾಗಾಗಿ ಜೂಮ್ ಪೂರ್ತಿ. ಆಪ್ಟಿಕಲ್ ಜೂಮ್ ಮುಗಿದ ಕಡೆ ನಿಲ್ಲಿಸಿ. ಅದರಾಚೆಯ ಡಿಜಿಟಲ್ ಜೂಮ್ ಸುಮ್ನೆ ಚಿತ್ರ ಕತ್ತರಿಸಿ ಹಿಗ್ಗಿಸುತ್ತದೆ, ಕಿಂಡಿ ಇದ್ದಷ್ಟೇ ಇರುತ್ತದೆ. ಎಫ್-ನಂಬರನ್ನು ನಾವೇ ಆರಿಸುವ ಎ ಮೋಡ್ ಇದ್ದರೆ ಆ ಜೂಮಿನಲ್ಲಿ ಸಿಗುವ ಅತಿ ಚಿಕ್ಕ ಎಫ್-ನಂಬರ್ ಇಡಿ. ಅಗ್ಗದ ಎಷ್ಟೋ ಕ್ಯಾಮೆರಾಗಳಲ್ಲಿ ಡಯಾಫ್ರಂ ಇರುವುದೇ ಇಲ್ಲ. ಎಫ್-ನಂಬರ್ ಬದಲಾದಂತೆ ತೋರಿಸುತ್ತ ಒಳಗೆ ಒಂದು ಕಪ್ಪು ಗಾಜನ್ನು ಅಡ್ಡ ತರುತ್ತವೆ, ಕಿಂಡಿ ಬದಲಾಗುವುದಿಲ್ಲ.

ಪೂರ್ತಿ ಜೂಮಿಗೆ ಒಂದು ಬೆಲೆ ತೆರಬೇಕು. ನಮ್ಮ 123 ಮಿ.ಮೀ. ಲೆನ್ಸಿನಲ್ಲಿ ಚೌಕಟ್ಟಿನ ಅಗಲ ದೂರದ ಇಪ್ಪತ್ತನೇ ಒಂದು ಭಾಗ. 60 ಸೆಂ.ಮೀ. ಅಗಲದಲ್ಲಿ ಒಬ್ಬರ ಮುಖ, ಭುಜ ಹಿಡಿಯಲು 12 ಮೀಟರ್ ದೂರ ನಿಲ್ಲಬೇಕು. ಹಿನ್ನೆಲೆಯ ದೂರ ಬಹಳ ಮುಖ್ಯವಾಗುವುದು ಆಗಲೇ. ಅವರ ಹಿಂದೆ ಇನ್ನೂ 12 ಮೀಟರಿನಾಚೆ ಮರ ಇದ್ದರೆ 19ರ ಅರ್ಧದಷ್ಟು, ಅಂದರೆ 9.5 ಮಿ.ಮೀ. ಬ್ಲರ್ ಸಿಗುತ್ತದೆ. ಒಂದೇ ಮೀಟರ್ ಹಿಂದೆ ಗೋಡೆ ಇದ್ದರೆ 1.5 ಮಿ.ಮೀ. ಮಾತ್ರ. ಗೋಡೆಗೆ ಒರಗಿಸಿ ನಿಲ್ಲಿಸಿ ಬ್ಲರ್ ಬರಲಿಲ್ಲ ಎಂದರೆ ಲೆನ್ಸ್ ಏನು ಮಾಡೀತು? ಹಿಂದೆ ಬಯಲು, ರಸ್ತೆ, ಆಕಾಶ ಇರುವ ಜಾಗ ಹುಡುಕಿ. ಫುಲ್ ಫ್ರೇಮ್ ಕ್ಯಾಮೆರಾದ 50 ಮಿ.ಮೀ. ಎಫ್/1.8 ಲೆನ್ಸಿನ ಕಿಂಡಿ 28 ಮಿ.ಮೀ. ಹಿನ್ನೆಲೆ ತುಂಬ ದೂರ ಇದ್ದರೆ ನಿಮ್ಮದು ಅದರ ಮೂರನೇ ಎರಡು ಪಾಲಿಗೆ ಮುಟ್ಟುತ್ತದೆ.

ಹೂವು, ಚಿಟ್ಟೆ ಅಂದ ಕೂಡಲೇ ಎಲ್ಲರೂ ಮ್ಯಾಕ್ರೊ ಮೋಡ್ ಹಾಕುತ್ತಾರೆ. ಕಾಂಪ್ಯಾಕ್ಟಿನಲ್ಲಿ ಅದು ಸಾಮಾನ್ಯವಾಗಿ ಕೆಲಸ ಮಾಡುವುದು ಜೂಮ್ ಇಲ್ಲದಾಗ, 1.2 ಮಿ.ಮೀ. ಕಿಂಡಿಯಲ್ಲಿ. 5 ಸೆಂ.ಮೀ. ಹತ್ತಿರ ಹೋದರೆ ಚೌಕಟ್ಟಿನ ಅಗಲ 75 ಮಿ.ಮೀ. ಅದರಲ್ಲಿ 1.2 ಮಿ.ಮೀ. ಬ್ಲರ್ ಅಂದರೆ ನೂರಕ್ಕೆ ಒಂದೂವರೆ ಪಾಲು. ಇದರ ಬದಲು ಎರಡು ಮೀಟರ್ ಹಿಂದೆ ಬಂದು ಪೂರ್ತಿ ಜೂಮ್ ಮಾಡಿ. ಚೌಕಟ್ಟಿನ ಅಗಲ 10 ಸೆಂ.ಮೀ. ಆಗುತ್ತದೆ. ಹೂವು ಹೆಚ್ಚು ಕಡಿಮೆ ಅಷ್ಟೇ ದೊಡ್ಡದಾಗಿ ಬರುತ್ತದೆ. ಹಿನ್ನೆಲೆ ದೂರ ಇದ್ದರೆ ಬ್ಲರ್ ನೂರಕ್ಕೆ 19 ಪಾಲು! ಹನ್ನೆರಡು ಪಟ್ಟು ಜಾಸ್ತಿ. ಕೆಲವು ಕ್ಯಾಮೆರಾಗಳು ಪೂರ್ತಿ ಜೂಮಿನಲ್ಲಿ ಅಷ್ಟು ಹತ್ತಿರ ಫೋಕಸ್ ಆಗುವುದಿಲ್ಲ. ಆಗ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತ ಶಟರ್ ಅರ್ಧ ಒತ್ತಿ ನೋಡಿ. ಕೈ ನಡುಗಿದರೆ ಇಷ್ಟೆಲ್ಲ ಮಾಡಿದ್ದೂ ಹಾಳು, ಕ್ಯಾಮೆರಾವನ್ನು ಎಲ್ಲಾದರೂ ಊರಿಕೊಳ್ಳಿ.

ಫೋನಿನ ಪೋರ್ಟ್ರೇಟ್ ಮೋಡ್ ಇದೆಯಲ್ಲ ಎನ್ನಬಹುದು. ಅದು ಯಾವುದು ಹತ್ತಿರ, ಯಾವುದು ದೂರ ಎಂದು ಊಹಿಸಿ, ದೂರದ್ದನ್ನು ಆಮೇಲೆ ಒರೆಸುತ್ತದೆ. ಊಹೆ ತಪ್ಪುವುದು ಕೂದಲಿನ ಎಳೆಗಳಲ್ಲಿ, ಕನ್ನಡಕದ ಅಂಚಿನಲ್ಲಿ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ.

ಊಹೆಯೇ ಇಲ್ಲದ ಇನ್ನೊಂದು ದಾರಿ ಇದೆ. ಲೆನ್ಸ್ ಹಲವು ಜಾಗಗಳಿಂದ ಕಂಡ ನೋಟಗಳನ್ನು ಕೂಡಿಸುತ್ತದೆ ಎಂದೆವಲ್ಲ? ಕಿಂಡಿ ಚಿಕ್ಕದಾದರೆ ಆ ಕೆಲಸ ನಾವೇ ಮಾಡಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2000ರ ದಶಕದಲ್ಲಿ ಸುಮಾರು 100 ಪುಟ್ಟ ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ, ಎಲ್ಲದರ ಚಿತ್ರಗಳನ್ನೂ ಕೂಡಿಸಿ, ಅವೆಲ್ಲ ಸೇರಿ ಒಂದೇ ದೊಡ್ಡ ಲೆನ್ಸಿನಂತೆ ಕೆಲಸ ಮಾಡುವ ಹಾಗೆ ಮಾಡಿದ್ದರು. ಅಲುಗಾಡದ ವಸ್ತುವಾದರೆ ಒಂದೇ ಕ್ಯಾಮೆರಾ ಸಾಕು. ಮಧ್ಯದ ಜೂಮಿನಲ್ಲಿ ಕಿಂಡಿ 5 ಮಿ.ಮೀ. ಇದೆ ಎನ್ನಿ. ನಿಮಗೆ 30 ಮಿ.ಮೀ. ಕಿಂಡಿ ಬೇಕು. ಅಗಲದಲ್ಲಿ ಆರು ಪಟ್ಟು, ಅಂದರೆ ವಿಸ್ತೀರ್ಣದಲ್ಲಿ 36 ಪಟ್ಟು. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. 30 ಮಿ.ಮೀ. ಅಗಲದ ವೃತ್ತದೊಳಗೆ ಕ್ಯಾಮೆರಾವನ್ನು ನಾಲ್ಕೈದು ಮಿಲಿಮೀಟರ್ ಸರಿಸುತ್ತ 36 ಚಿತ್ರ ತೆಗೆಯಿರಿ. ಕ್ಯಾಮೆರಾ ತಿರುಗಬಾರದು, ಜಾರಬೇಕು ಅಷ್ಟೇ. ಆಮೇಲೆ ಫೋಟೊ ಎಡಿಟರಿನಲ್ಲಿ ಲೇಯರುಗಳಾಗಿ ಹಾಕಿ, ಪ್ರತಿಯೊಂದರಲ್ಲೂ ವಸ್ತು ಒಂದೇ ಜಾಗದಲ್ಲಿ ಕೂರುವಂತೆ ಹೊಂದಿಸಿ. ಎರಡನೇ ಲೇಯರಿಗೆ ಒಪ್ಯಾಸಿಟಿ (ಲೇಯರ್ ಎಷ್ಟು ಗಾಢ ಎಂಬ ಅಳತೆ) ನೂರಕ್ಕೆ 50, ಮೂರನೆಯದಕ್ಕೆ 33, ನಾಲ್ಕನೆಯದಕ್ಕೆ 25. ಹೀಗೆ ನೂರನ್ನು ಲೇಯರಿನ ಸಂಖ್ಯೆಯಿಂದ ಭಾಗಿಸುತ್ತ ಹೋಗಿ. ಬೇಜಾರಾಗಿ ಆರೇಳು ಚಿತ್ರಕ್ಕೇ ನಿಲ್ಲಿಸಿದರೆ ಹಿಂದಿನ ಒಂದೊಂದು ಕೊಂಬೆಯೂ ಆರೇಳಾಗಿ ಬಿಡಿಬಿಡಿಯಾಗಿ ಕಾಣುತ್ತದೆ, ಕಲಸುವುದಿಲ್ಲ.