ಹರಿವೆ ಪಲ್ಯದೊಳಗಿನ ನೀರು

ಹರಿವೆ ಸೊಪ್ಪಿನ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಕಾರವಾರದ ಭಾನುವಾರದ ಸಂತೆಯಲ್ಲಿ ಅರ್ಧ ಕಿಲೋ ಸೊಪ್ಪು ಕೊಂಡವರು ಸುಮಾರು 450 ಗ್ರಾಂ ನೀರನ್ನು ಮನೆಗೆ ಒಯ್ಯುತ್ತಾರೆ. ಪಲ್ಯ ಹದವಾಗುತ್ತದೋ ಮುದ್ದೆಯಾಗುತ್ತದೋ, ಬಣ್ಣ ನಿಲ್ಲುತ್ತದೋ ಕೆಡುತ್ತದೋ, ಜೀವಸತ್ವ ತಟ್ಟೆಗೆ ಬರುತ್ತದೋ ಚರಂಡಿಗೆ ಹೋಗುತ್ತದೋ ಎಂಬುದೆಲ್ಲ ಬಹುಮಟ್ಟಿಗೆ ಈ ನೀರಿನ ಕೈಯಲ್ಲಿದೆ.

ಸಾಸಿವೆ ಸಿಡಿಯುವ ಹೊತ್ತಿಗೆ ಎಣ್ಣೆಯ ಬಿಸಿ 100 ಡಿಗ್ರಿ ಸೆಲ್ಸಿಯಸ್ಸನ್ನು ಬಹಳ ಮೀರಿರುತ್ತದೆ. ಸೊಪ್ಪು ಬಿದ್ದೊಡನೆ ಬಾಣಲೆ ತಣಿಯುತ್ತದೆ. ಎಲೆಯಲ್ಲಿ ನೀರು ಇರುವವರೆಗೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 290 ಜೂಲ್‌ನಷ್ಟು ಶಾಖ ಸಾಕು. ಅದೇ ಒಂದು ಗ್ರಾಂ ಆವಿಯಾಗಲು ಸುಮಾರು 2,260 ಜೂಲ್ ಬೇಕು. ನಮ್ಮ ಅರ್ಧ ಕಿಲೋ ಸೊಪ್ಪಿನಲ್ಲಿ ಅರ್ಧದಷ್ಟು ನೀರನ್ನು ಹಾರಿಸಬೇಕೆಂದರೂ ಐದು ಲಕ್ಷ ಜೂಲ್ ತಗಲುತ್ತದೆ. ಮನೆಯ ಗ್ಯಾಸ್ ಒಲೆಯ ದೊಡ್ಡ ಉರಿಯಿಂದ ಬಾಣಲೆಗೆ ಸೆಕೆಂಡಿಗೆ ಒಂದೂವರೆ ಸಾವಿರ ಜೂಲ್ ಸೇರುತ್ತದೆ ಎಂದುಕೊಂಡರೆ, ಆವಿಯಾಗುವುದಕ್ಕೇ ಐದಾರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಸೊಪ್ಪು ತನ್ನದೇ ನೀರಿನಲ್ಲಿ ಕುದಿಯುತ್ತಿರುತ್ತದೆ, ಹುರಿಯುವುದಿಲ್ಲ.

ಆದ್ದರಿಂದ ಅಗಲ ಬಾಯಿಯ ಬಾಣಲೆ, ದೊಡ್ಡ ಉರಿ, ಮುಚ್ಚಳವಿಲ್ಲದ ಅಡುಗೆ. ಸೊಪ್ಪು ಹೆಚ್ಚಿದ್ದರೆ ಎರಡು ಸಲವಾಗಿ ಹುರಿಯಿರಿ. ಒಟ್ಟು ಗ್ಯಾಸ್ ಹೆಚ್ಚುಕಡಿಮೆ ಅಷ್ಟೇ ಖರ್ಚಾಗುತ್ತದೆ, ಆದರೆ ಪ್ರತಿ ಎಲೆಯೂ ಬಿಸಿಯಲ್ಲಿರುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕುಮಟಾದ ಸಿಹಿ ಈರುಳ್ಳಿ ಹಾಕುವವರು ಅದನ್ನು ಮೊದಲೇ ಹುರಿದುಕೊಳ್ಳಬೇಕು. ಈರುಳ್ಳಿಯೂ ನೀರಿನ ಗಡ್ಡೆಯೇ. ಆ ನೀರು ಆರಿದ ಮೇಲಷ್ಟೇ ಅದು ಕೆಂಪಾಗಿ ಘಮ ಬಿಡುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಆಷಾಢದ ಕರಾವಳಿಯಲ್ಲಿ ತೊಳೆದ ಸೊಪ್ಪನ್ನು ಬುಟ್ಟಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಒಣಗುವುದಿಲ್ಲ, ಗಾಳಿಯೇ ತೇವದಿಂದ ತುಂಬಿರುತ್ತದೆ. ಎಲೆಗಂಟಿದ 50 ಗ್ರಾಂ ನೀರು ಒಂದು ನಿಮಿಷಕ್ಕೂ ಹೆಚ್ಚು ಕಾಲದ ಉರಿಯನ್ನು ತಿಂದುಬಿಡುತ್ತದೆ. ಹಳೆಯ ಪಂಚೆಯ ಮೇಲೆ ಹರಡಿ ಒತ್ತಿ ತೆಗೆಯುವುದೇ ಒಳ್ಳೆಯದು. ತೊಳೆಯುವುದೂ ಹೆಚ್ಚುವ ಮೊದಲೇ ಆಗಬೇಕು, ಏಕೆಂದರೆ ಸಿ ಜೀವಸತ್ವ ಮತ್ತು ಫೋಲೇಟ್ ನೀರಿನಲ್ಲಿ ಕರಗುತ್ತವೆ, ಕತ್ತರಿಸಿದ ಅಂಚುಗಳಿಂದ ಸಲೀಸಾಗಿ ಸೋರುತ್ತವೆ.

ನುಗ್ಗೆ ಸೊಪ್ಪಿನ ಲೆಕ್ಕ ಬೇರೆ. ಅದರಲ್ಲಿ ನೀರು ನೂರಕ್ಕೆ 80ರ ಒಳಗೇ. ಹರಿವೆಯಂತೆ ತಾನಾಗಿ ನೀರು ಬಿಟ್ಟುಕೊಂಡು ಬೇಯುವುದಿಲ್ಲ. ಒಂದು ಹಿಡಿ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಮುಚ್ಚಿಡಲೇಬೇಕು.

ಉಪ್ಪನ್ನು ಯಾವಾಗ ಹಾಕಬೇಕು? ಸಾಣಿಕಟ್ಟಾದ ಉಪ್ಪಾಗಲಿ ಅಂಗಡಿಯ ಪ್ಯಾಕೆಟ್ಟಿನದಾಗಲಿ, ಎಲೆಯ ಮೇಲೆ ಬಿದ್ದೊಡನೆ ಜೀವಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ಹಾಗಾಗಿ ಕೊನೆಗೆ ಹಾಕುವುದು ಲೇಸು. ಬಾಣಲೆ ತುಂಬ ಇದ್ದ ಸೊಪ್ಪು ಬೆಂದು ಒಂದು ಹಿಡಿಯಾದ ಮೇಲೆ ಕಣ್ಣಳತೆಯೂ ಸರಿಯಾಗುತ್ತದೆ, ಉಪ್ಪು ಹೆಚ್ಚಾಗುವುದಿಲ್ಲ.

ಬಣ್ಣದ ವಿಷಯ ನನಗೆ ಬಹಳ ಪ್ರಿಯ. ಎಲೆಯ ಹಸಿರಾದ ಪತ್ರಹರಿತ್ತಿನ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇದೆ. ಬಿಸಿಗೆ ಜೀವಕೋಶ ಒಡೆದಾಗ ಎಲೆಯೊಳಗಿನ ಆಮ್ಲಗಳು ಹೊರಬಿದ್ದು ಮೆಗ್ನೀಸಿಯಂ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ. ಹಸಿರು ಮಂಕಾಗಿ ಕಂದಿಗೆ ತಿರುಗುತ್ತದೆ. ಈ ಆಮ್ಲಗಳಲ್ಲಿ ಕೆಲವು ಆವಿಯೊಂದಿಗೆ ಹಾರಿಹೋಗುತ್ತವೆ. ಮುಚ್ಚಳ ಹಾಕಿದರೆ ಹನಿಯಾಗಿ ಮತ್ತೆ ಬಾಣಲೆಗೇ ಇಳಿಯುತ್ತವೆ. ಐದಾರು ನಿಮಿಷದೊಳಗೆ ಕೆಲಸ ಮುಗಿದರೆ ಹಸಿರು ಬಹುಪಾಲು ಉಳಿಯುತ್ತದೆ. ಅಡುಗೆ ಸೋಡಾ ಹಾಕಿದರೂ ಉಳಿಯುತ್ತದೆ, ನಿಜ. ಆದರೆ ಅದು ಸಿ ಜೀವಸತ್ವವನ್ನು ಕೆಡಿಸುತ್ತದೆ, ಎಲೆಯನ್ನು ಲೋಳೆ ಮಾಡುತ್ತದೆ. ದಯವಿಟ್ಟು ಹಾಕಬೇಡಿ.

ಕೆಂಪು ಹರಿವೆಯ ಕೆಂಪು ಬೇರೆಯೇ ಜಾತಿಯದು. ಅದು ಬೀಟಾಲೈನ್ ಎಂಬ ವರ್ಣದ್ರವ್ಯ, ಬೀಟ್‌ರೂಟಿನಲ್ಲಿರುವ ಕುಟುಂಬದ್ದೇ. ಬಸಳೆ ಹಣ್ಣಿನ ನೇರಳೆ ರಸವೂ ಅದೇ. ಹರಿವೆ, ಬಸಳೆ, ಗೋಳಿ ಸೊಪ್ಪು, ಬೀಟ್‌ರೂಟ್ ನಾಲ್ಕೂ ಕ್ಯಾರಿಯೋಫಿಲೇಲಿಸ್ ಎಂಬ ಒಂದೇ ಸಸ್ಯಗಣದವು. ಮುರುಗಲಿನ ಕೆಂಪು ಮಾತ್ರ ಆಂಥೋಸಯನಿನ್. ಈ ಎರಡು ಬಗೆಯ ವರ್ಣದ್ರವ್ಯವನ್ನೂ ಒಟ್ಟಿಗೆ ತಯಾರಿಸುವ ಗಿಡ ಪ್ರಕೃತಿಯಲ್ಲಿ ಇದುವರೆಗೆ ಕಂಡಿಲ್ಲ. ಬೀಟಾಲೈನ್ ನೀರಿನಲ್ಲಿ ಕರಗುವುದರಿಂದಲೇ ಹರಿವೆ ಪಲ್ಯದ ಕಾಯಿತುರಿ ಗುಲಾಬಿಯಾಗುವುದು. ಹುಳಿಗೆ ಅದು ಹೆದರುವುದಿಲ್ಲ, ದೀರ್ಘ ಬಿಸಿಗೆ ಹೆದರುತ್ತದೆ.

ಹುಳಿಯ ಮಾತು ಬಂತು. ಮುರುಗಲು ಸಿಪ್ಪೆಯನ್ನೋ ಹುಣಸೆ ರಸವನ್ನೋ ಮೊದಲೇ ಹಾಕಿದರೆ ಹರಿವೆ ದಂಟು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ದಂಟನ್ನು ಬೇರೆ ಹೆಚ್ಚಿ ಮೊದಲು ಬೇಯಿಸಿ, ಆಮೇಲೆ ಎಲೆ, ಒಲೆ ಆರಿಸಿದ ಮೇಲೆ ಲಿಂಬೆ ರಸ. ಆಗ ಹಸಿರೂ ಉಳಿಯುತ್ತದೆ, ಲಿಂಬೆಯ ಸಿ ಜೀವಸತ್ವವೂ ಉಳಿಯುತ್ತದೆ. ಸೊಪ್ಪಿನ ಕಬ್ಬಿಣವನ್ನು ನಮ್ಮ ಕರುಳು ಕಷ್ಟಪಟ್ಟು ಹೀರುತ್ತದೆ. ಸಿ ಜೀವಸತ್ವ ಜೊತೆಗಿದ್ದರೆ ಆ ಕೆಲಸ ಸುಲಭ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವಿದ್ದವರು ಒಂದು ತಾಸು ಕಾಯಬೇಕು. ಚಹಾದ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ.

ಎಣ್ಣೆ, ಕಾಯಿತುರಿ ಬರೀ ರುಚಿಗಲ್ಲ. ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೋಟಿನ್ ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ಹಸಿ ಕಾಯಿತುರಿಯಲ್ಲಿ ಮೂರನೇ ಒಂದು ಪಾಲು ಕೊಬ್ಬೇ ಇರುವುದರಿಂದ ಒಗ್ಗರಣೆಗೆ ಒಂದೆರಡು ಚಮಚ ಎಣ್ಣೆ ಸಾಕು.

ಸೊಪ್ಪನ್ನು ಮೊದಲು ನೀರಿನಲ್ಲಿ ಬೇಯಿಸಿ, ಹಿಂಡಿ, ಆ ನೀರು ಚೆಲ್ಲಿ ಒಗ್ಗರಣೆ ಹಾಕುವ ಪದ್ಧತಿಯೂ ಹಲವು ಮನೆಗಳಲ್ಲಿದೆ. ಆರೋಗ್ಯವಂತರು ಹಾಗೆ ಮಾಡುವುದು ನನಗೆ ನಷ್ಟವೆಂದೇ ತೋರುತ್ತದೆ. ನೂರು ಗ್ರಾಂ ಹಸಿ ಹರಿವೆಯಲ್ಲಿ ಸುಮಾರು 40 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ನೀರು ಚೆಲ್ಲಿದರೆ ಅರ್ಧಕ್ಕೂ ಹೆಚ್ಚು ಹೋಗಬಹುದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗುವವರಿಗೆ ಮಾತ್ರ ಇದೇ ಪದ್ಧತಿ ಸರಿ. ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು, ಅದರ ಒಂದು ಭಾಗ ನೀರಿಗಿಳಿಯುತ್ತದೆ. ಊಟದಲ್ಲಿ ಮಜ್ಜಿಗೆಯೂ ಇದ್ದರೆ ಅದರ ಕ್ಯಾಲ್ಸಿಯಂ ಉಳಿದ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಸೊಪ್ಪನ್ನು ಹುರಿದು ಕಾಯಿಯೊಂದಿಗೆ ಅರೆದು ಮಜ್ಜಿಗೆ ಬೆರೆಸುವ ಶಿರಸಿಯ ಕಡೆಯ ತಂಬುಳಿಗಳಲ್ಲಿ ಈ ಜೋಡಿ ತಾನಾಗಿಯೇ ಇದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪು ಬಿಡಬೇಕಾಗಿಲ್ಲ. ಆದರೆ ಇದರಲ್ಲಿ ಕೆ ಜೀವಸತ್ವ ಬಹಳ ಇರುವುದರಿಂದ ವಾರದಿಂದ ವಾರಕ್ಕೆ ಪ್ರಮಾಣ ಏರುಪೇರಾಗದಂತೆ ನೋಡಿಕೊಳ್ಳಬೇಕು, ವೈದ್ಯರಿಗೆ ತಿಳಿಸಬೇಕು.

ಇಷ್ಟೆಲ್ಲ ನಷ್ಟವಾಗುವುದಾದರೆ ಬೇಯಿಸದೆಯೇ ರಸ ಹಿಂಡಿ ಕುಡಿಯಬಾರದೇಕೆ ಎಂದು ಈಗ ಹಲವರು ಕೇಳುತ್ತಾರೆ. ನಮ್ಮ ಹಿತ್ತಿಲಿನ ಬೇಲಿಗಳಲ್ಲಿ ಬೆಳೆಯುವ ಚಕ್ರಮುನಿಯೇ ಇದಕ್ಕೆ ಉತ್ತರ ಹೇಳುತ್ತದೆ. 1990ರ ದಶಕದ ನಡುವೆ ತೈವಾನಿನಲ್ಲಿ ತೂಕ ಇಳಿಸಿಕೊಳ್ಳಲು ಈ ಸೊಪ್ಪಿನ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶದ ಸಣ್ಣ ನಾಳಗಳು ಶಾಶ್ವತವಾಗಿ ಮುಚ್ಚಿಹೋದವು. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು. ಇದೇ ಎಲೆಯನ್ನು ಬೇಯಿಸಿ ತಿನ್ನುವ ರೂಢಿಯಿರುವ ಮಲೇಷ್ಯಾದಲ್ಲಿ ಅಂಥ ಪಿಡುಗು ಕಾಣಿಸಿಕೊಳ್ಳಲಿಲ್ಲ. ಚಕ್ರಮುನಿಯ ಎಳೆ ಕುಡಿಗಳನ್ನು ಒಂದು ಹಿಡಿಯಷ್ಟೇ ಕೊಯ್ದು, ಹರಿವೆಯ ಜೊತೆ ಸೇರಿಸಿ ಚೆನ್ನಾಗಿ ಬೇಯಿಸಿ, ಅಪರೂಪಕ್ಕೊಮ್ಮೆ ತಿನ್ನಿ; ಮಿಕ್ಸಿಗೆ ಮಾತ್ರ ಹಾಕಬೇಡಿ.