ನೆಲದಡಿಯ ನಕ್ಷೆ ಮೊದಲು, ಸ್ವಿಚ್ ಆಮೇಲೆ

ಮೂರು ವರ್ಷಗಳ ಹಿಂದಿನ ಜುಲೈ ಮೊದಲ ವಾರ. ಪುಣೆಯಲ್ಲಿ ಜಡಿಮಳೆ. ನಾನು ನೆಟ್‌ವರ್ಕ್ ನೋಡಿಕೊಳ್ಳುವ ವಿಶ್ವವಿದ್ಯಾಲಯದಲ್ಲಿ ಪ್ರವೇಶದ ಅರ್ಜಿಗಳ ಭರಾಟೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪರೀಕ್ಷಾ ವಿಭಾಗವೂ ಅದರಾಚೆಯ ಮೂರು ಕಟ್ಟಡಗಳೂ ಒಟ್ಟಿಗೆ ಸಂಪರ್ಕ ಕಳೆದುಕೊಂಡವು. ನಾಲ್ಕೂ ಒಂದೇ ಫೈಬರ್ ಕೇಬಲ್ಲನ್ನು ನಂಬಿದ್ದವು, ಎರಡನೆಯ ದಾರಿ ಇರಲಿಲ್ಲ.

ಓಟಿಡಿಆರ್ ಯಂತ್ರ ಹಚ್ಚಿದೆವು. ಫೈಬರಿನೊಳಗೆ ಬೆಳಕಿನ ಮಿಡಿತ ಬಿಟ್ಟು, ಅದು ಚದುರಿ ಮರಳಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುವ ಯಂತ್ರ ಅದು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಷ್ಟು ವೇಗದ ಓಟಕ್ಕೆ ಹಿಡಿದ ಸಮಯವನ್ನು ಅಳೆದೂ ಯಂತ್ರ ಮೀಟರುಗಳ ಲೆಕ್ಕದಲ್ಲಿ ಜಾಗ ಹೇಳುತ್ತದೆ. 640 ಮೀಟರ್ ಎಂದಿತು. ಅಳತೆಯ ಚಕ್ರವನ್ನು ರಸ್ತೆಯುದ್ದಕ್ಕೂ ಉರುಳಿಸಿಕೊಂಡು ಹೋಗಿ, 640ಕ್ಕೆ ಸುಣ್ಣದ ಗುರುತು ಹಾಕಿ ಅಗೆಸಿದೆವು. ಪೈಪ್ ಸಿಕ್ಕಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಅಗೆಯುತ್ತಿದ್ದ ತಂಡ ಇಂಡಿ ತಾಲ್ಲೂಕಿನದು. ಪುಣೆಯಲ್ಲಿ ನೆಲ ಅಗೆಯುವ ಕೆಲಸಕ್ಕೆ ಬರುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಬಹಳ. ಮುಕಾದಮನೊಂದಿಗೆ ಮರಾಠಿ, ತಮ್ಮೊಳಗೆ ಕನ್ನಡ. ನಾನು ಧಾರವಾಡದವನೆಂದು ತಿಳಿದ ಮೇಲೆ ಅವರಲ್ಲಿ ಹಿರಿಯರೊಬ್ಬರು ಗುದ್ದಲಿಯನ್ನು ಬದಿಗಿಟ್ಟು ಹತ್ತಿರ ಬಂದರು.

"ಇಲ್ಲಿ ಬೇಡ ಸಾಹೇಬರೇ, ಹಿಂದಕ್ಕೆ ಹೋಗೋಣ."

"ಯಂತ್ರ ಇಲ್ಲೇ ಎನ್ನುತ್ತಿದೆಯಲ್ಲ ಕಾಕಾ?"

"ಯಂತ್ರಕ್ಕೆ ಸುರುಳಿ ಎಲ್ಲಿದೆ ಎಂಬುದು ಹೇಗೆ ಗೊತ್ತಾಗಬೇಕು? ಈ ತಂತಿ ಎಳೆದವರಲ್ಲಿ ನಾನೂ ಒಬ್ಬ. ಕ್ಯಾಂಟೀನ್ ಎದುರಿನ ಚೇಂಬರಿನಲ್ಲಿ ಒಂದು ಸುರುಳಿ, ತಿರುವಿನ ಚೇಂಬರಿನಲ್ಲಿ ಇನ್ನೊಂದು. ಹದಿನೈದು ಹದಿನೈದು ಮೀಟರ್ ಸುತ್ತಿಟ್ಟಿದ್ದೇವೆ."

ಮುಂದೆಂದಾದರೂ ಕತ್ತರಿಸಿ ಜೋಡಿಸಬೇಕಾದೀತೆಂದು ಕೇಬಲ್ಲನ್ನು ಹೀಗೆ ಅಲ್ಲಲ್ಲಿ ಚೇಂಬರುಗಳಲ್ಲಿ, ಅಂದರೆ ನೆಲದಡಿಯ ಮುಚ್ಚಳದ ಗುಂಡಿಗಳಲ್ಲಿ, ಸುತ್ತಿಡುವುದು ವಾಡಿಕೆ. ಯಂತ್ರ ಅಳೆಯುವುದು ಫೈಬರಿನ ಉದ್ದವನ್ನು. ನಾವು ಅಗೆಯಬೇಕಾದದ್ದು ನೆಲದ ಮೇಲಿನ ದೂರಕ್ಕೆ. ಎರಡು ಚೇಂಬರುಗಳ 30 ಮೀಟರ್, ನಮ್ಮ ರ್ಯಾಕಿನ ಹಿಂದೆ ಸುತ್ತಿದ್ದ 10 ಮೀಟರ್ ಕಳೆದು 600ಕ್ಕೆ ಬಂದು ನಿಂತೆವು. ಕಾಲ ಬುಡದಲ್ಲೇ ಆ ವಾರದ ವನಮಹೋತ್ಸವಕ್ಕೆ ನೆಟ್ಟ ಕಹಿಬೇವಿನ ಸಸಿ. ಗುಂಡಿ ತೆಗೆದವರ ಹಾರೆ ಪೈಪನ್ನು ಸೀಳಿಕೊಂಡು ಕೇಬಲ್ಲಿಗೆ ತಗುಲಿತ್ತು. ಸಸಿಯನ್ನು ಎರಡಡಿ ಆಚೆ ನೆಟ್ಟು, ತಾಡಪತ್ರಿಯ ಕೆಳಗೆ ಕುಳಿತು ಎಳೆಎಳೆಯಾಗಿ ಜೋಡಿಸಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು.

ಆ ದಿನದಿಂದ ನೆಟ್‌ವರ್ಕ್ ಮೇಲ್ದರ್ಜೆಗೇರಿಸುವ ಕಡತ ನನ್ನ ಮೇಜಿಗೆ ಬಂದಾಗಲೆಲ್ಲ ಮೊದಲು ಕೇಳುವುದು ಒಂದೇ: ನೆಲದಡಿ ಏನಿದೆ ಎಂದು ಬರೆದಿಟ್ಟಿದ್ದು ಎಲ್ಲಿದೆ? ಕಡತದಲ್ಲಿ ಸಾಮಾನ್ಯವಾಗಿ ಕಂಪ್ಯೂಟರುಗಳ ತಂತಿಗಳನ್ನು ಒಂದೆಡೆ ಕೂಡಿಸುವ ಪೆಟ್ಟಿಗೆಗಳಾದ ಸ್ವಿಚ್‌ಗಳ ಪಟ್ಟಿ ಇರುತ್ತದೆ, ಹೊರಗಿನ ದಾಳಿ ತಡೆಯುವ ಹೊಸ ಫೈರ್‌ವಾಲ್ ಇರುತ್ತದೆ, ಇಂಟರ್ನೆಟ್ ವೇಗ ಹೆಚ್ಚಿಸುವ ಬೇಡಿಕೆ ಇರುತ್ತದೆ. ಹೊರಗಿನ ಸಂಪರ್ಕ ಈಗ ಅಷ್ಟು ದೊಡ್ಡ ತೊಡಕೇ ಅಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಜ್ಞಾನ ಜಾಲ ವಿಶ್ವವಿದ್ಯಾಲಯಗಳ ಬಾಗಿಲಿಗೆ ಗಿಗಾಬಿಟ್ ವೇಗವನ್ನು ತಂದು ನಿಲ್ಲಿಸಿದೆ. ಬಾಗಿಲಿನಿಂದ ಒಳಗಿನ ಒಂದೂವರೆ ಕಿಲೋಮೀಟರ್ ನಮ್ಮ ಜವಾಬ್ದಾರಿ, ಸೋಲುವುದೂ ಅಲ್ಲೇ.

ಮುಂಬೈಯ ಒಂದು ಸಂಸ್ಥೆಯಲ್ಲಿ ನನ್ನ ಗೆಳೆಯರೊಬ್ಬರು ಅನುಭವಿಸಿದ್ದನ್ನು ಹೇಳುತ್ತೇನೆ. ಕಟ್ಟಡಗಳ ನಡುವಿನ ಸಂಪರ್ಕವನ್ನು 1 ಗಿಗಾಬಿಟ್‌ನಿಂದ 10 ಗಿಗಾಬಿಟ್‌ಗೆ ಏರಿಸಲು ಒಳ್ಳೆಯ ಸ್ವಿಚ್‌ಗಳನ್ನೇ ಕೊಂಡರು. ಜೋಡಿಸಿದರೆ ಸಂಪರ್ಕ ಸಿಕ್ಕಿತೆಂದು ತೋರಿಸುವ ದೀಪ ಹತ್ತಲಿಲ್ಲ. ನೆಲದಲ್ಲಿದ್ದದ್ದು ಹಳೆಯ ಮಲ್ಟಿಮೋಡ್ ಫೈಬರ್, 62.5 ಮೈಕ್ರಾನ್ ಗರ್ಭದ್ದು. ಗರ್ಭವೆಂದರೆ ಬೆಳಕು ಸಾಗುವ ನಡುವಿನ ಗಾಜು, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರಲ್ಲಿ 1 ಗಿಗಾಬಿಟ್ ಸುಮಾರು 275 ಮೀಟರ್ ತನಕ ಸಾಗುತ್ತದೆ. ಬೆಳಕು ಕಳುಹಿಸಲು ಸ್ವಿಚ್‌ಗೆ ಸಿಕ್ಕಿಸುವ ಮಾಮೂಲಿ 10 ಗಿಗಾಬಿಟ್ ಮಾಡ್ಯೂಲ್ ಹಾಕಿದರೆ ಕೇವಲ 33 ಮೀಟರ್. ಗರ್ಭ ಅಗಲವಾಗಿರುವುದರಿಂದ ಬೆಳಕು ಹಲವು ದಾರಿ ಹಿಡಿದು ಹೊರಡುತ್ತದೆ, ಒಂದೊಂದು ಕಿರಣ ಒಂದೊಂದು ಹೊತ್ತಿಗೆ ತಲುಪುತ್ತದೆ. ವೇಗ ಹೆಚ್ಚಿದಷ್ಟೂ ಒಂದು ಮಿಡಿತದ ಬಾಲ ಮುಂದಿನ ಮಿಡಿತದ ತಲೆಗೆ ತಾಗಿ ಸಂಕೇತ ಕಲಸಿಹೋಗುತ್ತದೆ. ಅವರ ಕಟ್ಟಡಗಳ ನಡುವಿನ ಅಂತರ 200 ಮೀಟರ್. ಸ್ವಿಚ್‌ಗಳು ಆರು ತಿಂಗಳು ಹಳೆಯ ವೇಗದಲ್ಲೇ ಓಡಿದವು, ಅಷ್ಟರಲ್ಲಿ ನೆಲ ಅಗೆಯಲು ಬೇರೆಯೇ ಟೆಂಡರ್ ಕರೆಯಬೇಕಾಯಿತು.

ಸಿಂಗಲ್ ಮೋಡ್ ಫೈಬರಿನ ಗರ್ಭ ಸುಮಾರು 9 ಮೈಕ್ರಾನ್. ಬೆಳಕಿಗೆ ಅದರಲ್ಲಿ ಒಂದೇ ದಾರಿ. ಒಮ್ಮೆ ಹೂತರೆ 1 ಗಿಗಾಬಿಟ್‌ಗೂ ಅದೇ, 10ಕ್ಕೂ ಅದೇ, 100ಕ್ಕೂ ಅದೇ. ತುದಿಗಳಲ್ಲಿ ಮಾಡ್ಯೂಲ್ ಬದಲಿಸಿದರೆ ಸಾಕು. ಆದ್ದರಿಂದ ಕಟ್ಟಡದಿಂದ ಕಟ್ಟಡಕ್ಕೆ ಹೂಳುವುದಾದರೆ ಸಿಂಗಲ್ ಮೋಡ್ ಹೊರತು ಬೇರೆ ಯಾವುದಕ್ಕೂ ನಾನು ಸಹಿ ಹಾಕುವುದಿಲ್ಲ. ಆರು ಎಳೆ ಸಾಕೆನಿಸಿದಲ್ಲಿ ಇಪ್ಪತ್ತನಾಲ್ಕು ಎಳೆಯ ಕೇಬಲ್ ಹಾಕಿಸುತ್ತೇನೆ, ಪಕ್ಕದಲ್ಲಿ ಒಂದು ಖಾಲಿ ಪೈಪನ್ನೂ ಮಲಗಿಸುತ್ತೇನೆ. ಖರ್ಚಿನ ದೊಡ್ಡ ಪಾಲು ಹೋಗುವುದು ಅಗೆತಕ್ಕೆ ಮತ್ತು ಕಿತ್ತ ರಸ್ತೆಯನ್ನು ಮುಚ್ಚುವುದಕ್ಕೆ.

ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆಯುವುದನ್ನಂತೂ ಒಪ್ಪಲೇಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಪುಣೆಯ ಮೇಲೆ ಗುಡುಗು ಸಿಡಿಲು ಬಂದಾಗ ಎರಡು ಕಟ್ಟಡಗಳ ಅರ್ಥಿಂಗ್ ನಡುವಿನ ವ್ಯತ್ಯಾಸವೇ ಆ ತಂತಿಯೊಳಗೆ ನುಗ್ಗಿ ಎರಡೂ ತುದಿಯ ಸ್ವಿಚ್‌ಗಳನ್ನು ಸುಡುತ್ತದೆ. ಗಾಜು ವಿದ್ಯುತ್ತನ್ನು ಹೊರುವುದಿಲ್ಲ.

ಇನ್ನು ಒಳಗಿನ ವಿಂಗಡಣೆ. ನಾನು ಸೇರಿದಾಗ ಇಡೀ ಕ್ಯಾಂಪಸ್ ಹೆಚ್ಚುಕಡಿಮೆ ಒಂದೇ ಬಯಲಾಗಿತ್ತು. ಹಾಸ್ಟೆಲಿನ ಹುಡುಗನೊಬ್ಬ ಗೋಡೆಯ ಒಂದು ಸಾಕೆಟ್ಟಿಗೆ ಸಿಕ್ಕಿಸಿದ್ದ ತಂತಿಯ ಇನ್ನೊಂದು ತುದಿಯನ್ನು ಪಕ್ಕದ ಸಾಕೆಟ್ಟಿಗೆ ಚುಚ್ಚಿದ. ನೆಲದ ಮೇಲೆ ಬಿದ್ದ ತಂತಿ ಕಾಲಿಗೆ ತೊಡರುತ್ತದೆ ಎಂಬಷ್ಟೇ ಅವನ ಯೋಚನೆ. ಹತ್ತು ನಿಮಿಷದಲ್ಲಿ ಆಡಳಿತ ಕಚೇರಿಯ ಸಂಬಳದ ಕೆಲಸ ನಿಂತಿತು. ತಂತಿಯಲ್ಲಿ ಓಡುವ ಮಾಹಿತಿಯ ಕಟ್ಟಿಗೆ, ಅಂದರೆ ಈಥರ್ನೆಟ್ ಫ್ರೇಮಿಗೆ, ಆಯುಸ್ಸಿನ ಎಣಿಕೆ ಇಲ್ಲ; ದಾರಿ ಸುತ್ತಾದರೆ ಅದು ಸುತ್ತುತ್ತಲೇ ಇರುತ್ತದೆ, ಎಲ್ಲರಿಗೂ ಕಳುಹಿಸಿದ ಒಂದು ಕೂಗು ಲಕ್ಷಗಟ್ಟಲೆಯಾಗಿ ಎಲ್ಲ ತಂತಿಗಳನ್ನೂ ತುಂಬುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲೇ ರೂಪಿಸಿದ್ದರು. ನಮ್ಮ ಹಾಸ್ಟೆಲಿನ ಅಗ್ಗದ ಸ್ವಿಚ್‌ಗಳಿಗೆ ಅದು ಗೊತ್ತಿರಲಿಲ್ಲ.

ನಮ್ಮ ಕಡೆಯ ಹೊಲಗಳಿಗೆ ಬದು ಇರುತ್ತದೆ. ಒಬ್ಬರ ಹೊಲಕ್ಕೆ ನುಗ್ಗಿದ ನೀರು ಇನ್ನೊಬ್ಬರ ಬೆಳೆಯನ್ನು ಕೊಚ್ಚಿಕೊಂಡು ಹೋಗಬಾರದೆಂದು ಕಟ್ಟಿದ್ದು ಅದು. ಈಗ ಪ್ರತಿ ಕಟ್ಟಡದ ಬಾಗಿಲಲ್ಲಿ ರೂಟಿಂಗ್ ಮಾಡುವ, ಅಂದರೆ ವಿಳಾಸ ನೋಡಿ ಬೇಕಾದದ್ದನ್ನಷ್ಟೇ ಆಚೆ ಬಿಡುವ, ಸ್ವಿಚ್ ಕುಳಿತಿದೆ. ಆ ಕಟ್ಟಡದ ಗದ್ದಲ ಅದರಾಚೆ ದಾಟುವುದಿಲ್ಲ. ಒಳಗೆ ಆಡಳಿತ, ಪ್ರಯೋಗಾಲಯ, ಹಾಸ್ಟೆಲ್, ಕ್ಯಾಮೆರಾಗಳಿಗೆ ಬೇರೆಬೇರೆ ವಿ-ಲ್ಯಾನ್, ಅಂದರೆ ಅದೇ ತಂತಿಗಳ ಮೇಲೆ ಬೇರೆಬೇರೆ ಜಾಲ. ಮನೆಯ ವೈಫೈ ರೂಟರನ್ನು ಯಾರಾದರೂ ತಿರುಗಾಮುರುಗಾ ಸಿಕ್ಕಿಸಿ ಅದು ತನ್ನದೇ ವಿಳಾಸಗಳನ್ನು ಹಂಚತೊಡಗಿದರೆ ಸ್ವಿಚ್‌ನಲ್ಲಿರುವ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಅಲ್ಲೇ ತಡೆಯುತ್ತದೆ. ಇದಕ್ಕೆಲ್ಲ ಹೆಚ್ಚು ಹಣ ಬೇಕಾಗಲಿಲ್ಲ. ಬೇಕಾದದ್ದು ಎಂಟು ತಿಂಗಳ ತಾಳ್ಮೆ ಮತ್ತು ಪ್ರತಿ ವಿಭಾಗದ ಮುಖ್ಯಸ್ಥರೊಂದಿಗೆ ಒಂದು ಲೋಟ ಚಹಾ.

ವೈಫೈ ಬಗ್ಗೆ ಬರುವ ದೂರುಗಳೇ ಹೆಚ್ಚು. ಹಳೆಯ ಕಟ್ಟಡಗಳ ಕರಿಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ; ಪಡಸಾಲೆಯಲ್ಲಿ ನೇತುಹಾಕಿದ, ವೈಫೈ ಸಂಕೇತ ಬಿಡುವ ಆಕ್ಸೆಸ್ ಪಾಯಿಂಟ್ ಪಡಸಾಲೆಗಷ್ಟೇ ಉಪಯೋಗ. ಕೋಣೆಯೊಳಗೇ ಇಡಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ ಮೂರು, ಆದ್ದರಿಂದ ಹಾಸ್ಟೆಲ್‌ಗಳಲ್ಲಿ 5 ಗಿಗಾಹರ್ಟ್ಸ್ ಬಿಟ್ಟರೆ ಗತಿಯಿಲ್ಲ. ಹೊಸ ಆಕ್ಸೆಸ್ ಪಾಯಿಂಟ್ ತಂದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ತಂತಿಯಲ್ಲೇ ವಿದ್ಯುತ್ ಕೊಡುವ ಹಳೆಯ ಸ್ವಿಚ್‌ನ ಪ್ರತಿ ಪೋರ್ಟಿನಿಂದ 15.4 ವ್ಯಾಟ್, ಹೊಸ ಉಪಕರಣ ಕೇಳುವುದು 30 ವ್ಯಾಟ್ ಕೊಡುವ ಪೋರ್ಟನ್ನು. ಸ್ವಿಚ್ ಬದಲಾದರೆ ಯುಪಿಎಸ್ ಸಾಲದು. ಯುಪಿಎಸ್ ದೊಡ್ಡದಾದರೆ ಅದನ್ನಿಟ್ಟ ಗೂಡಿನಂಥ ಕೋಣೆ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಸೋಲುತ್ತದೆ. ಈ ಸರಪಳಿಯನ್ನು ಕೊನೆಯ ಕೊಂಡಿಯ ತನಕ ಲೆಕ್ಕ ಹಾಕದೆ ಬಜೆಟ್ ಬರೆಯಬಾರದು.

ಅಗೆತಕ್ಕೆ ನಾನು ಆರಿಸುವ ಕಾಲ ಜನವರಿಯಿಂದ ಏಪ್ರಿಲ್. ಮಳೆಗಾಲದಲ್ಲಿ ಗುಂಡಿ ಕುಸಿಯುತ್ತದೆ. ಜೂನ್ ಮೊದಲ ಮಳೆ ಬಿದ್ದರೆ ಕೂಲಿಯವರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಅವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಟೆಂಡರಿನಲ್ಲಿ ಈಗ ಒಂದು ಕಲಮು ಖಾಯಂ: ಪ್ರತಿ ಚೇಂಬರಿನ ಸಂಖ್ಯೆ, ಆಳ, ಸುರುಳಿಯ ಉದ್ದ, ಎಳೆಗಳ ಬಣ್ಣ, ನಾಲ್ಕು ಫೋಟೊ, ಇವಿಷ್ಟನ್ನೂ ನಕ್ಷೆಯಲ್ಲಿ ತುಂಬಿಕೊಡುವ ತನಕ ಕೊನೆಯ ಬಿಲ್ ಪಾಸಾಗುವುದಿಲ್ಲ.

ಹಳೆಯ ಕೇಬಲ್‌ಗಳಿಗೆ ಮಾತ್ರ ಅಂಥ ನಕ್ಷೆ ಇಲ್ಲ. ಅದಕ್ಕಾಗಿ ಇಂಡಿಯ ಕಾಕಾ ಅವರನ್ನು ದಿನಗೂಲಿಯ ಮೇಲೆ ಕರೆಸಿಕೊಂಡು, ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಇಬ್ಬರೂ ನಡೆಯುತ್ತೇವೆ. ಅವರು ಕಾಲಿನಿಂದ ನೆಲ ತಟ್ಟಿ ತೋರಿಸುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇದುವರೆಗೆ 41 ಚೇಂಬರುಗಳು ಸಿಕ್ಕಿವೆ. ಅವುಗಳಲ್ಲಿ ಏಳರ ಮೇಲೆ ಡಾಂಬರು ಬಿದ್ದಿತ್ತು. ಗ್ರಂಥಾಲಯದ ಹಿಂಭಾಗ ಮತ್ತು ಹುಡುಗಿಯರ ಹಾಸ್ಟೆಲ್ ರಸ್ತೆ ಇನ್ನೂ ಬಾಕಿ ಇವೆ. ಅವರು ಬಿತ್ತನೆಗೆ ಹೊರಡುವ ಮುಂಚೆ ಮುಗಿಸಬೇಕು.